ಹದಿನಾಲ್ಕು ಭೂಮಿ, ಒಂದು ಬೀಗ

ಮೇ 27, ಸೋಮವಾರ ಬೆಳಗ್ಗೆ ಹತ್ತೂಕಾಲಿಗೆ ನನ್ನ ಕೈಗೆ ಒಂದು ಸಂಖ್ಯೆ ಸಿಕ್ಕಿತು: ಹದಿನಾಲ್ಕು. ಡೈರಿಯಲ್ಲಿ ಅದನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದು ಸುತ್ತ ಚೌಕ ಎಳೆದಿದ್ದೇನೆ. ಎಳೆಯ ನಕ್ಷತ್ರವೊಂದನ್ನು ಎಂಟೂವರೆ ದಿನಕ್ಕೊಮ್ಮೆ ಸುತ್ತುವ ಗ್ರಹದ ತೂಕ ಅದು. ನಮ್ಮ ಭೂಮಿಯಂಥ ಹದಿನಾಲ್ಕು ಭೂಮಿಗಳನ್ನು ಒಟ್ಟಿಗೆ ಹಾಕಿದರೆ ಎಷ್ಟೋ ಅಷ್ಟು. ದ್ರವ್ಯರಾಶಿ ಎನ್ನುವುದು ಸರಿಯಾದ ಪದ. ಆದರೆ ಮನೆಯಲ್ಲಿ ತೂಕ ಎಂದೇ ಹೇಳಿ ಅಭ್ಯಾಸವಾಗಿದೆ. ಇಲ್ಲೂ ಹಾಗೇ ಬರೆಯುತ್ತೇನೆ.

ನನ್ನ ಗೈಡ್ ಮೇಡಂಗೆ ಫೋನ್ ಮಾಡಿ ಹೇಳಿದೆ. ಅವರು ಸಂತೋಷದಲ್ಲಿ ಎರಡು ಸಲ ಕೇಳಿಸಿಕೊಂಡರು. ಲೇಖನ ಆಗಸ್ಟ್ 31ರೊಳಗೆ ಹೋಗಬೇಕೆಂದು ತೀರ್ಮಾನವಾಯಿತು. ಡಿಸೆಂಬರಿಗೆ ನನ್ನ ಫೆಲೋಶಿಪ್ ಮುಗಿಯುತ್ತದೆ. ಪಿಎಚ್.ಡಿ. ಪ್ರಬಂಧದ ಐದು ಅಧ್ಯಾಯಗಳಲ್ಲಿ ನಾಲ್ಕನೆಯದು ಈ ಗ್ರಹದ್ದು, ಉಳಿದ ನಾಲ್ಕೂ ಅದಕ್ಕೆ ಆತುಕೊಂಡು ನಿಂತಿವೆ. ಆ ಸಂಖ್ಯೆ ಬಿದ್ದರೆ ನಾಲ್ಕು ವರ್ಷದ ಕೆಲಸದ ನಡುಗಂಬವೇ ಬಿದ್ದಂತೆ.

ಇನ್ನು ಬರೆಯುವ ಕೆಲಸ ಮಾತ್ರ ಬಾಕಿ ಎಂದುಕೊಂಡು ಮೇ 30ರಂದು ಊರಿಗೆ ಬಂದೆ. ನಮ್ಮದು ಮಧುಗಿರಿ ತಾಲ್ಲೂಕಿನ ಬಡವನಹಳ್ಳಿ. ಅಕ್ಕ ಬಾಣಂತನಕ್ಕೆ ಮನೆಯಲ್ಲಿದ್ದಳು. ಅವಳ ಕೂಸು ಮೂರು ವಾರ ಮುಂಚೆಯೇ ಹುಟ್ಟಿ, ಹುಟ್ಟಿದಾಗ ಎರಡು ಕೆ.ಜಿ. ನೂರೈವತ್ತು ಗ್ರಾಂ ಇತ್ತು. ಭಾವ ಪಾವಗಡದ ಕಡೆ, ಕ್ಯಾತಗಾನಚೆರ್ಲು ಹತ್ತಿರ ಸೋಲಾರ್ ಪಾರ್ಕಿನಲ್ಲಿ ಟೆಕ್ನಿಷಿಯನ್. ಭಾನುವಾರ ಮಾತ್ರ ಬರುತ್ತಿದ್ದರು. ಅಮ್ಮ ಊರಿನ ಅಂಗನವಾಡಿ ಟೀಚರ್. ಅಪ್ಪ ಹೊಲ ನೋಡಿಕೊಳ್ಳುತ್ತಾರೆ. ಅಪ್ಪನ ತಾಯಿ, ನಮ್ಮ ಅಜ್ಜಿ, ಇಡೀ ಮನೆಯನ್ನು ನೋಡಿಕೊಳ್ಳುತ್ತಾಳೆ.

ಬಂದ ದಿನವೇ ಅಜ್ಜಿ ಕೂಸನ್ನು ನನ್ನ ತೊಡೆಯ ಮೇಲಿಟ್ಟು, "ತಗಳ್ಲಾ, ಸೋದರಮಾವ ಆಗಿದೀಯ. ಮೇಲಿರೋ ಚುಕ್ಕಿ ಎಣಿಸಿದ್ದು ಸಾಕು, ಇದ್ನ ಒಂದಿಷ್ಟು ನೋಡು" ಎಂದಳು.

"ಅಜ್ಜಿ, ನಾನು ಚುಕ್ಕಿ ಎಣಿಸಲ್ಲ. ತೂಗ್ತೀನಿ."

"ಯಾವ ತಕ್ಕಡೀಲಿ ಮಗಾ?"

ಅದಕ್ಕೆ ನಾನು ಆವತ್ತು ಕೊಟ್ಟ ಉತ್ತರ ನೆನಪಿಲ್ಲ. ಇಲ್ಲಿ ಕೊಡುತ್ತೇನೆ. ಗ್ರಹವನ್ನು ಯಾರೂ ನೇರವಾಗಿ ತೂಗುವುದಿಲ್ಲ. ಅದು ಸುತ್ತುವಾಗ ತನ್ನ ನಕ್ಷತ್ರವನ್ನೂ ಚೂರು ಆಚೆ ಈಚೆ ಎಳೆದಾಡುತ್ತದೆ. ನಕ್ಷತ್ರ ನಮ್ಮ ಕಡೆಗೆ ಬಂದಾಗ ಅದರ ಬೆಳಕು ಕೂದಲೆಳೆಯಷ್ಟು ನೀಲಿಯ ಕಡೆಗೆ, ದೂರ ಹೋದಾಗ ಕೆಂಪಿನ ಕಡೆಗೆ ಸರಿಯುತ್ತದೆ. ಆ ಸರಿತದಿಂದ ವೇಗ, ವೇಗದಿಂದ ಗ್ರಹದ ತೂಕ. ಹದಿನಾಲ್ಕು ಭೂಮಿಯ ಗ್ರಹ ಆ ನಕ್ಷತ್ರವನ್ನು ಎಳೆಯುವ ವೇಗ ಸೆಕೆಂಡಿಗೆ ಐದು ಮೀಟರ್, ಬಡವನಹಳ್ಳಿಯಿಂದ ಮಧುಗಿರಿ ಕಡೆಗೆ ಒಬ್ಬ ಗಟ್ಟಿಮುಟ್ಟಾದವನು ಸೈಕಲ್ ತುಳಿಯುವಷ್ಟು.

ತೊಂದರೆ ಇರುವುದು ನಕ್ಷತ್ರದ ವಯಸ್ಸಿನಲ್ಲಿ. ನಮ್ಮ ಸೂರ್ಯನಿಗೆ ಅಜ್ಜಿಯಂತೆ ಎಪ್ಪತ್ತು ವರ್ಷವೆಂದಿಟ್ಟುಕೊಂಡರೆ ಈ ನಕ್ಷತ್ರಕ್ಕೆ ನಾಲ್ಕು ತಿಂಗಳೂ ತುಂಬಿಲ್ಲ. ಎಳೆಯ ನಕ್ಷತ್ರ ಸುಮ್ಮನಿರುವುದಿಲ್ಲ. ಬುಗುರಿಯಂತೆ ತಿರುಗುತ್ತದೆ. ಮೈಮೇಲೆ ದೊಡ್ಡ ದೊಡ್ಡ ಕಪ್ಪು ಕಲೆಗಳು ಹುಟ್ಟುತ್ತವೆ, ಜಾಗ ಬದಲಿಸುತ್ತವೆ, ಅಳಿಸಿಹೋಗುತ್ತವೆ. ನಕ್ಷತ್ರ ತಿರುಗಿದಾಗ ಆ ಕಲೆಗಳೂ ಬೆಳಕನ್ನು ನೀಲಿಗೆ, ಕೆಂಪಿಗೆ ಸರಿಸುತ್ತವೆ, ಗ್ರಹ ಎಳೆದಂತೆಯೇ. ಅದೂ ಗ್ರಹ ಎಳೆಯುವುದಕ್ಕಿಂತ ಇಪ್ಪತ್ತು ಪಟ್ಟು ಜೋರಾಗಿ. ಕಲೆಗಳ ಕುಣಿತವನ್ನು ಲೆಕ್ಕದಲ್ಲಿ ಕಳೆದು, ಉಳಿದದ್ದರಲ್ಲಿ ಗ್ರಹವನ್ನು ಹುಡುಕುವ ಪ್ರೋಗ್ರಾಂ ಬರೆಯುವುದೇ ನನ್ನ ಕೆಲಸ. ದುರ್ಬೀನು ಇರುವುದು ದಕ್ಷಿಣ ಗೋಳಾರ್ಧದಲ್ಲಿ. ಮೋಡವಿಲ್ಲದ, ದುರ್ಬೀನು ನಮಗೆ ಸಿಕ್ಕ ದಿನಗಳಲ್ಲಿ ಅಲ್ಲಿನವರು ದಿನಕ್ಕೊಂದು ಸಲ ನೋಡಿ ಕಳಿಸುವ ಫೈಲು ನನಗೆ ಬೆಳಗಿನ ಕಾಫಿ ಹೊತ್ತಿಗೆ ಸಿಗುತ್ತದೆ. ನಕ್ಷತ್ರದ ಕೆಲಸವಾದರೂ ನನ್ನದು ಪೂರ್ತಿ ಹಗಲಿನ ಕೆಲಸ.

ಗ್ರಹದ ಗಾತ್ರ ಮೊದಲೇ ಗೊತ್ತಿತ್ತು. ಅದು ಉಬ್ಬಿಕೊಂಡಿದೆ, ಹಸುಗೂಸಿನ ಕೆನ್ನೆಯ ಹಾಗೆ. ತೂಕ ಸಾಕಷ್ಟಿದ್ದರೆ ತನ್ನ ಸುತ್ತಲಿನ ಗಾಳಿಯನ್ನು ಹಿಡಿದಿಟ್ಟುಕೊಂಡು ಬೆಳೆಯುತ್ತದೆ. ಕಡಿಮೆಯಿದ್ದರೆ ನಕ್ಷತ್ರದ ಉರಿಗೆ ಎಲ್ಲ ಹಾರಿಹೋಗಿ ಬರೀ ಕಲ್ಲು ಉಳಿಯುತ್ತದೆ. ಹದಿನಾಲ್ಕು ಎಂದರೆ ಅದು ಬದುಕಿಕೊಳ್ಳುತ್ತದೆ ಎಂದರ್ಥ. ನನಗೆ ಆ ಸಂಖ್ಯೆಯ ಮೇಲಿದ್ದ ಪ್ರೀತಿಗೆ ಇದೂ ಒಂದು ಕಾರಣ.

ಜೂನ್ ಮೂರನೇ ವಾರದವರೆಗೆ ಶೇಂಗಾ ಮೂಟೆಯ ಕೋಣೆಯಲ್ಲಿ ಕೂತು ಬರೆದೆ. ಮೇ ಕೊನೆಗೆ 44 ದಿನದ ಫೈಲುಗಳಿದ್ದವು. ಮೇಡಂ, "ಹೊಸ ಫೈಲು ಬಂದ ಹಾಗೆಲ್ಲ ಸೇರಿಸಿ ನೋಡ್ತಿರು. ಸಂಖ್ಯೆ ಅಲ್ಲಾಡಬಾರದು" ಎಂದಿದ್ದರು. ಸೇರಿಸಿದೆ. ಡೈರಿ ಹೀಗೆ ಹೇಳುತ್ತದೆ:

ಜೂನ್ 11. ಒಟ್ಟು 48 ಫೈಲು. ತೂಕ 13.
ಜೂನ್ 19. ಒಟ್ಟು 52 ಫೈಲು. ತೂಕ 9.

ಒಂಬತ್ತನ್ನು ನೋಡಿ ಊಟ ಸೇರಲಿಲ್ಲ. ಪ್ರೋಗ್ರಾಮಿನ ಪ್ರತಿ ಸಾಲು ಓದಿದೆ; ತಪ್ಪು ಸಿಗಲಿಲ್ಲ. ಕೊನೆಗೆ ದೊಡ್ಡ ಕಂಪ್ಯೂಟರಿನ ಹತ್ತಿರವೇ ಕೂತು ನೋಡೋಣವೆಂದು ಜೂನ್ 23ಕ್ಕೆ ಬೆಂಗಳೂರಿಗೆ ಹೋದೆ. ಹಾಸ್ಟೆಲಿನ ಕಪಾಟಿಗೆ ಬೀಗ ಇರಲಿಲ್ಲ. ಹೊರಡುವಾಗ ಮನೆಯ ಹಾಸಿಗೆ ಪೆಟ್ಟಿಗೆಯ ಮೇಲೆ ಕೀಲಿಕೈ ಸಮೇತ ಬಿದ್ದಿದ್ದ ಹಳೇ ಕಬ್ಬಿಣದ ಬೀಗವೊಂದನ್ನು ಬ್ಯಾಗಿಗೆ ಹಾಕಿಕೊಂಡೆ. ಅಲ್ಲಿ ಎರಡು ವಾರ ಕೂತೆ. ಜುಲೈ 3ರಂದು 55 ಫೈಲು ಸೇರಿಸಿ ಓಡಿಸಿದಾಗ ತೂಕ 21 ಬಂತು.

ಹದಿನಾಲ್ಕು, ಹದಿಮೂರು, ಒಂಬತ್ತು, ಇಪ್ಪತ್ತೊಂದು. ಜುಲೈ 6ರ ಬಸ್ಸಿನಲ್ಲಿ ಕೊರಟಗೆರೆ ದಾಟುವವರೆಗೂ ಇವನ್ನೇ ಹೇಳಿಕೊಳ್ಳುತ್ತಿದ್ದೆ. ಪಕ್ಕದ ಹೆಂಗಸು, "ಏನಪ್ಪಾ, ಮಗ್ಗಿ ಮರ್ತೋಗದಾ?" ಎಂದು ಕೇಳಿದರು.

ಮನೆಗೆ ಬಂದರೆ ಅಲ್ಲೂ ಒಂದು ಸಂಖ್ಯೆ ಕೈಕೊಟ್ಟಿತ್ತು.

ಅಂಗನವಾಡಿಯಲ್ಲಿ ಹುಟ್ಟುವಾಗ ತೂಕ ಕಡಿಮೆಯಿದ್ದ ಮಕ್ಕಳನ್ನು ಅಮ್ಮ ಪ್ರತಿ ಮಂಗಳವಾರ ತೂಗುತ್ತಾಳೆ. ತೊಲೆಗೆ ಕಟ್ಟಿದ, ಗಡಿಯಾರದಂಥ ಮುಖದ ತೂಗುಯಂತ್ರ. ಅದರ ಕೆಳಗೆ ಕೂಸನ್ನು ಕೂರಿಸುವ ಬಟ್ಟೆಯ ಚೀಲ. ಅಮ್ಮನ ಕ್ರಮ ನನಗೆ ಚಿಕ್ಕಂದಿನಿಂದ ಗೊತ್ತು. ಮೊದಲು ಖಾಲಿ ಚೀಲ ನೇತುಹಾಕಿ ಮುಳ್ಳನ್ನು ಸೊನ್ನೆಗೆ ತರುವುದು. ಆಮೇಲೆ ಒಂದು ಕೆ.ಜಿ. ಹೆಸರುಕಾಳಿನ ಪ್ಯಾಕೆಟ್ ಇಟ್ಟು, ಒಂದು ತೋರಿಸುತ್ತದೆಯೇ ನೋಡುವುದು. ಆಮೇಲೆ ಕೂಸು. ಕೂಸು ಒದ್ದಾಡಿದರೆ ಕಾಯುವುದು. ಕಾದರೂ ಸುಮ್ಮನಾಗದಿದ್ದರೆ ತೂಕದ ಪಕ್ಕದಲ್ಲಿ ಪೆನ್ಸಿಲಿನಲ್ಲಿ 'ಅ' ಎಂದು ಬರೆಯುವುದು. ಅ ಎಂದರೆ ಅಲುಗಾಡಿತು.

ನಮ್ಮ ಕೂಸಿನ ಪುಟ ಹೀಗಿತ್ತು: ಜೂನ್ 4ಕ್ಕೆ 3.10. ಜೂನ್ 11ಕ್ಕೆ 3.30. ಜೂನ್ 18ಕ್ಕೆ 3.45. ಜೂನ್ 25ಕ್ಕೆ 3.30. ಜುಲೈ 2ಕ್ಕೆ ಮತ್ತೆ 3.45. ಒಂದು ವಾರ ನೂರೈವತ್ತು ಗ್ರಾಂ ಇಳಿದು, ಮರುವಾರ ಅಷ್ಟೇ ಏರಿ, ಎರಡು ವಾರದಲ್ಲಿ ಒಂದು ಗ್ರಾಂ ಕೂಡ ಬೆಳೆದಿರಲಿಲ್ಲ. ಸೂಪರ್‌ವೈಸರ್ ಪುಟ ನೋಡಿ, 9ನೇ ತಾರೀಕಿಗೂ ಏರದಿದ್ದರೆ ಮಧುಗಿರಿ ಆಸ್ಪತ್ರೆಯ ಪೌಷ್ಟಿಕ ಕೇಂದ್ರಕ್ಕೆ ಬರೆಯೋಣ ಎಂದಿದ್ದರು. ತಾಯಿ ಮಗು ಅಲ್ಲೇ ಹದಿನಾಲ್ಕು ದಿನ ಇರಬೇಕು.

ಅಕ್ಕ ಮಾತು ಬಿಟ್ಟಿದ್ದಳು. "ಹಾಲು ಸಾಲ್ತಿಲ್ವೇನೋ" ಎನ್ನುವುದೊಂದೇ ಮಾತು. ಅಮ್ಮ ತಟ್ಟೆ ತೊಳೆಯುತ್ತ, "ಊರ ಮಕ್ಕಳಿಗೆಲ್ಲ ಬುದ್ಧಿ ಹೇಳ್ತೀನಿ. ನನ್ನ ಮೊಮ್ಮಗಳದ್ದೇ ಚಾರ್ಟಿನಲ್ಲಿ ಕಡಿಮೆ ತೂಕದ ಹಳದಿ ಪಟ್ಟಿಗೆ ಬರ್ತಿದೆ" ಎಂದಳು. ಅಜ್ಜಿ ಮಾತ್ರ ಒಂದಿಷ್ಟೂ ಅಳುಕದೆ, "ಕೂಸು ಚೆನ್ನಾಗೈತೆ ಬುಡ್ರೇ. ತೊಡೆ ನೋಡಿದ್ರೆ ಗೊತ್ತಾಗಕ್ಕಿಲ್ವಾ? ಮುಳ್ಳು ನೋಡ್ಕಂಡು ಅಳ್ತೀರಲ್ಲ" ಎಂದು ಗದರಿದಳು.

ಜುಲೈ 9, ಮಂಗಳವಾರ. ಪ್ರತಿ ವಾರ ಕೂಸನ್ನು ಸುತ್ತಿ ಅಂಗನವಾಡಿಗೆ ಎತ್ತಿಕೊಂಡು ಹೋಗಿ, ಚೀಲದಲ್ಲಿ ಕೂರಿಸಿ, ಮತ್ತೆ ಎತ್ತಿಕೊಂಡು ಬರುತ್ತಿದ್ದವಳು ಅಜ್ಜಿ. ಆವತ್ತು ಅವಳ ಮಂಡಿ ಊದಿತ್ತು. ನಾನು ಹೊರಟೆ.

ಬಟ್ಟೆಯ ವಿಷಯ ಇಲ್ಲೇ ಹೇಳಬೇಕು. ನಿಯಮದ ಪ್ರಕಾರ ಕೂಸನ್ನು ತೆಳು ಅಂಗಿಯಲ್ಲಿ ತೂಗಬೇಕು. ಅಜ್ಜಿ ಒಪ್ಪಿರಲಿಲ್ಲ, ಗಾಳಿಗೆ ಬಿಚ್ಚಬಾರದು, ಸುತ್ತಿದ ಹಾಗೇ ತೂಗು ಎಂದು ಮೊದಲ ವಾರವೇ ಹಟ ಹಿಡಿದಿದ್ದಳಂತೆ. ನಾಲ್ಕು ಜನ ತಾಯಂದಿರ ಎದುರು ಅತ್ತೆಗೆ ಎದುರು ಮಾತಾಡಲು ಅಮ್ಮನಿಗೆ ಮನಸ್ಸು ಬಂದಿರಲಿಲ್ಲ. ಅಂಥದ್ದೇ ಇನ್ನೊಂದು ಬಟ್ಟೆಯನ್ನು ಬೇರೆಯಾಗಿ ತೂಗಿ, ಅಷ್ಟನ್ನು ಕಳೆದು ಬರೆಯುತ್ತಿದ್ದಳು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವಳು ಬಿಟ್ಟುಕೊಟ್ಟ ಒಂದೇ ನಿಯಮ ಅದು.

ಹೊರಡುವಾಗ ಅಜ್ಜಿ ಬಾಗಿಲವರೆಗೆ ಕುಂಟುತ್ತ ಬಂದು, "ಬಟ್ಟೆ ಬಿಚ್‌ಬ್ಯಾಡ ಕಣ್ಲಾ. ಹಂಗೇ ಇಡು, ಹಂಗೇ ಎತ್ಕ" ಎಂದಳು.

ಹಾಗೇ ಇಟ್ಟೆ. ಕೂಸು ಎರಡು ಸಲ ಒದ್ದು ಸುಮ್ಮನಾಯಿತು. ಅಮ್ಮ ಬಟ್ಟೆಯ ತೂಕ ಕಳೆದು ಓದಿದಳು. "ನಾಲ್ಕು!" ಅವಳ ಮುಖ ಅರಳಿತು. ಮರುಗಳಿಗೆ ಹುಬ್ಬು ಗಂಟಿಕ್ಕಿತು. "ಒಂದು ವಾರಕ್ಕೆ ಐನೂರೈವತ್ತು ಗ್ರಾಂ? ಇದೇನು ಕೂಸೋ, ಕುಂಬಳಕಾಯೋ?"

ಅಲ್ಲಿದ್ದ ತಾಯಂದಿರು ನಕ್ಕರು. ನಾನು ಕೂಸನ್ನು ಎತ್ತಿಕೊಂಡೆ. ಆಗ ಬಟ್ಟೆಯ ಮಡಿಕೆಯಿಂದ ಏನೋ ಗಟ್ಟಿಯಾದದ್ದು ನನ್ನ ಕೈಗಡಿಯಾರಕ್ಕೆ ತಾಗಿ ಟಣ್ ಎಂದಿತು.

ಮಡಿಕೆ ಬಿಚ್ಚಿದೆವು. ಬಟ್ಟೆಯ ಒಳ ಅಂಚಿಗೆ ಅಂಗೈಯಗಲದ ಜೇಬು ಹೊಲಿದಿತ್ತು. ಒಳಗೆ ಕಬ್ಬಿಣದ ಬೀಗ. ಮೂರು ದಿನದ ಹಿಂದೆ ನಾನು ಬೆಂಗಳೂರಿನಿಂದ ವಾಪಸ್ ತಂದು ಪೆಟ್ಟಿಗೆಯ ಮೇಲಿಟ್ಟಿದ್ದ ಅದೇ ಬೀಗ.

ಅಮ್ಮ ಅದನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದಳು. ಕೂಸಿನ ಬಟ್ಟೆ ಪೂರ್ತಿ ಬಿಚ್ಚಿ, ತೆಳು ಅಂಗಿಯಲ್ಲಿ ಮತ್ತೆ ಕೂರಿಸಿದಳು. ಮೂರು ಕೆ.ಜಿ. ಆರುನೂರೈವತ್ತು. ಅಂಗನವಾಡಿ ಮುಗಿಸಿ ಮನೆಗೆ ಬರುವ ದಾರಿಯಲ್ಲಿ ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಬೀಗವನ್ನು ತೂಗಿಸಿದೆವು. ಮುನ್ನೂರ ನಲವತ್ತೆಂಟು ಗ್ರಾಂ.

ಮನೆಯಲ್ಲಿ ಅಜ್ಜಿ ಕಾಲು ಚಾಚಿ ಕೂತಿದ್ದಳು.

"ಅತ್ತೆ, ಇದೇನು?" ಎಂದು ಅಮ್ಮ ಕೇಳಿದಳು.

"ಬೀಗ. ಕಾಣಕ್ಕಿಲ್ವಾ?"

"ಕೂಸಿನ ಬಟ್ಟೇಲಿ ಯಾಕಿತ್ತು ಅಂತ."

"ಮತ್ತೆ? ನೀನು ಅಷ್ಟು ಜನದ ಮುಂದೆ ಮೂರೂ ನೂರು, ಮೂರೂ ಮುನ್ನೂರು ಅಂತ ಹರಾಜು ಕೂಗ್ದಂಗೆ ಕೂಗ್ತೀಯಲ್ಲ! ಕೂಸಿನ ನಿಜವಾದ ತೂಕ ಊರೋರ ಬಾಯಿಗೆ ಬೀಳಬಾರ್ದು ಕಣಮ್ಮ. ದೃಷ್ಟಿ ತಾಗಾದಾದ್ರೆ ಸುಳ್ಳು ತೂಕಕ್ಕೆ ತಾಗ್ಲಿ, ನಿಜವಾದ್ದು ಕೂಸಿನ ತಾವೇ ಇರ್ಲಿ ಅಂತ ಇಕ್ಕಿದ್ದೆ. ನಾನೇನು ಕದ್ನಾ? ಕೂಡಿಸಿದೀನಿ ತಾನೆ."

ಅಕ್ಕ ಕೋಣೆಯಿಂದ ಹೊರಗೆ ಬಂದಳು. "ಅಜ್ಜಿ, ಹಂಗಾದ್ರೆ ಮಧ್ಯದಲ್ಲಿ ತೂಕ ಇಳಿದದ್ದು ಯಾಕೆ? ಎರಡು ವಾರ ನಾನು ಅನ್ನ ನೀರು ಬಿಟ್ಟು ಅತ್ತಿದ್ದೀನಿ."

ಅಜ್ಜಿ ನನ್ನ ಕಡೆ ಬೆರಳು ತೋರಿಸಿದಳು. "ಇವನ್ನ ಕೇಳು. ಎರಡು ವಾರ ಬೀಗ ಎತ್ಕಂಡು ಬೆಂಗ್ಳೂರಿಗೆ ಹೋಗ್ಬುಟ್ಟಿದ್ನಲ್ಲ ಈ ಪುಣ್ಯಾತ್ಮ! ಬೇರೆ ಬೀಗ ಆಗಕ್ಕಿಲ್ಲ. ನಿಮ್ಮಪ್ಪ ಕೂಸಾಗಿದ್ದಾಗ್ಲಿಂದ ಅದೇ ಬೀಗ."

ಅಕ್ಕ ಗೋಡೆಗೆ ಒರಗಿ ನಗತೊಡಗಿದಳು. ನಗುತ್ತ ನಗುತ್ತ ಅತ್ತಳು. ಅಮ್ಮ ಮಾತ್ರ ನಗಲಿಲ್ಲ. ರಿಜಿಸ್ಟರ್ ತೆಗೆದು, "ಅತ್ತೆ, ಜೂನ್ ಮೊದಲ ಮೂರು ವಾರ ಬೀಗ ಇತ್ತಾ? ಮೂರೂ ವಾರ? ಖಂಡಿತಾನಾ?" ಎಂದು ಕೇಳಿ, ಉತ್ತರ ಬಂದ ಮೇಲೆ ಕಳೆದಳು. 2.75, 2.95, 3.10. ಬೀಗವಿಲ್ಲದ ಎರಡು ವಾರ 3.30, 3.45. ಇವತ್ತು 3.65. ಒಂದೂ ವಾರ ಇಳಿದಿರಲಿಲ್ಲ. ಕೂಸು ತನ್ನ ಪಾಡಿಗೆ ಬೆಳೆಯುತ್ತಲೇ ಇತ್ತು. ಅದರ ತೂಕ ಇಳಿಸಿದ್ದು ನಾನು.

ಅಮ್ಮ ಹಳೆಯ ಅಂಕಿಗಳನ್ನು ಒರೆಸಲಿಲ್ಲ. ಓದಲು ಬರುವ ಹಾಗೆ ಒಂದೇ ಗೆರೆ ಹೊಡೆದು, ಪಕ್ಕದಲ್ಲಿ ಹೊಸ ಅಂಕಿ ಬರೆದು, ಕೊನೆಯಲ್ಲಿ 'ಬೀಗ ಕಳೆದು' ಎಂದು ಷರಾ ಬರೆದಳು.

"ಒರೆಸಿಬಿಡಬಹುದಿತ್ತಲ್ಲ" ಎಂದೆ.

"ಒರೆಸಿದ್ರೆ ನಾಳೆ ನೋಡೋರಿಗೆ ಏನಾಗಿತ್ತು ಅಂತ ಗೊತ್ತಾಗಲ್ವಲ್ಲೋ. ತಪ್ಪೂ ಕಾಣ್ಬೇಕು, ತಿದ್ದಿದ್ದೂ ಕಾಣ್ಬೇಕು. ಸೂಪರ್‌ವೈಸರ್ ಬಂದಾಗ ನಾನೇ ಹೇಳ್ತೀನಿ, ಬಟ್ಟೆ ಬಿಚ್ಚದೆ ತೂಗಿದ್ದು ನನ್ನ ತಪ್ಪು ಅಂತ."

ಮರುದಿನ ಬೆಳಗ್ಗೆ ಕಾಫಿ ಲೋಟ ಹಿಡಿದು ಲ್ಯಾಪ್‌ಟಾಪ್ ಎದುರು ಕೂತಾಗ ಆ ಬೀಗ ಮೇಜಿನ ಮೇಲೇ ಇತ್ತು. ನಾನು ಮೂರು ವಾರದಿಂದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತಿದ್ದೆ. ಅಮ್ಮ ಪ್ರತಿ ಮಂಗಳವಾರ ಮಾಡುವ ಎರಡು ಕೆಲಸಗಳನ್ನು ಒಂದು ಸಲವೂ ಸರಿಯಾಗಿ ಮಾಡಿರಲಿಲ್ಲ. ಖಾಲಿ ಚೀಲ ನೇತುಹಾಕಿದರೆ ನನ್ನ ತಕ್ಕಡಿ ಸೊನ್ನೆ ತೋರಿಸುತ್ತದೆಯೇ? ಗೊತ್ತಿರುವ ತೂಕ ಇಟ್ಟರೆ ಅಷ್ಟನ್ನೇ ತೋರಿಸುತ್ತದೆಯೇ? ಬರೆಯಲು ಶುರು ಮಾಡಿದಾಗ ಕಲೆಗಳೇ ಇಲ್ಲದ ಶಾಂತ ನಕ್ಷತ್ರದ ಮೇಲೆ ಒಮ್ಮೆ ಪರೀಕ್ಷಿಸಿದ್ದೆ, ಅಷ್ಟೇ. ಒದ್ದಾಡುವ ಕೂಸಿನ ತಕ್ಕಡಿಯನ್ನು ಹೆಸರುಕಾಳು ಇಟ್ಟು ನೋಡಿ ಸಾಕೆಂದುಕೊಂಡಿದ್ದೆ.

ಜುಲೈ 10ರಿಂದ ಹೊಸ ಪರೀಕ್ಷೆ ಹೂಡಿದೆ. ಕಲೆಗಳಿರುವ, ಆದರೆ ಗ್ರಹವೇ ಇಲ್ಲದ ನೂರು ಸುಳ್ಳು ನಕ್ಷತ್ರಗಳನ್ನು ಕಂಪ್ಯೂಟರಿನಲ್ಲಿ ಮಾಡಿದೆ. ನಮ್ಮ ನಕ್ಷತ್ರವನ್ನು ಯಾವ ದಿನ, ಯಾವ ಗಂಟೆಗೆ ನೋಡಿದ್ದೆವೋ ಅದೇ ದಿನ, ಅದೇ ಗಂಟೆಗೆ ಅವುಗಳನ್ನೂ 'ನೋಡಿ' ನನ್ನ ಪ್ರೋಗ್ರಾಮಿಗೆ ಕೊಟ್ಟೆ. ಅದು ಖಾಲಿ ಚೀಲ. ಆಮೇಲೆ ಅವೇ ನಕ್ಷತ್ರಗಳಿಗೆ ತೂಕ ಗೊತ್ತಿರುವ ಗ್ರಹವೊಂದನ್ನು ಒಳಗೆ ಬಚ್ಚಿಟ್ಟು ಮತ್ತೆ ಕೊಟ್ಟೆ. ಆ ಪ್ರೋಗ್ರಾಮಿಗೆ ಬೀಗ ಎಂದು ಹೆಸರಿಟ್ಟೆ.

ಫಲಿತಾಂಶ ಪೂರ್ತಿ ಬರಲು ಹನ್ನೆರಡು ದಿನ ಹಿಡಿಯಿತು. ಮನೆಯ ಕರೆಂಟು ಹೋದರೂ ಬೆಂಗಳೂರಿನ ಕಂಪ್ಯೂಟರ್ ತನ್ನ ಪಾಡಿಗೆ ಓಡುತ್ತಿತ್ತು. ನಾನು ಅಷ್ಟು ದಿನ ತೊಟ್ಟಿಲು ತೂಗಿದೆ.

ಜುಲೈ 22. ಗ್ರಹವೇ ಇಲ್ಲದ ನೂರರಲ್ಲಿ ಮೂವತ್ತೇಳು ಸಲ ನನ್ನ ಪ್ರೋಗ್ರಾಂ ಹತ್ತು ಭೂಮಿಗಿಂತ ಭಾರದ ಗ್ರಹ 'ಕಂಡುಹಿಡಿದಿತ್ತು'. ಹದಿನಾಲ್ಕು ಭೂಮಿ ಬಚ್ಚಿಟ್ಟಾಗ ಒಮ್ಮೆ ಮೂರು, ಒಮ್ಮೆ ಇಪ್ಪತ್ತಾರು, ಬಾಯಿಗೆ ಬಂದದ್ದು ಹೇಳಿತ್ತು. ಮೂವತ್ತೈದು ಮತ್ತು ಅದಕ್ಕಿಂತ ಭಾರದ್ದನ್ನು ಬಚ್ಚಿಟ್ಟಾಗ ಮಾತ್ರ ನೂರರಲ್ಲಿ ತೊಂಬತ್ತೇಳು ಸಲ ಸರಿಯಾಗಿ ಹಿಡಿದಿತ್ತು.

ಯಾಕೆಂದೂ ತಿಳಿಯಿತು. ತಿರುಗುವ ಫ್ಯಾನನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿದರೆ ರೆಕ್ಕೆಗಳು ನಿಧಾನವಾಗಿ ತೇಲಿದಂತೆ ಕಾಣುತ್ತವೆ. ಮೊಬೈಲು ಒಂದೇ ಅಂತರದಲ್ಲಿ ಕಣ್ಣು ಬಿಟ್ಟು ಮುಚ್ಚುವುದರಿಂದ ಆಗುವ ಮೋಸ ಅದು. ನಾವೂ ದಿನಕ್ಕೊಂದು ಸಲ, ಹೆಚ್ಚುಕಡಿಮೆ ಒಂದೇ ಗಂಟೆಗೆ ಕಣ್ಣು ಬಿಟ್ಟಿದ್ದೆವು. ನಕ್ಷತ್ರ ತನ್ನ ಸುತ್ತ ತಿರುಗುವುದು ಮೂರು ದಿನ ಹತ್ತು ಗಂಟೆಗೊಮ್ಮೆ. ಒಂದೊಂದು ಸುತ್ತಿಗೆ ಮೂರು ಸಲ ಏರಿಳಿಯುವ ಅದರ ಕಲೆಗಳ ವೇಗದ ಕುಣಿತ, ನಮ್ಮ ದಿನಕ್ಕೊಂದು ನೋಟಕ್ಕೆ ಸಿಕ್ಕಿ, ಎಂಟೂವರೆ ದಿನದ ನಿಧಾನದ ತೂಗಾಟವಾಗಿ ಕಾಣುತ್ತಿತ್ತು. ಗ್ರಹದ ಸುತ್ತಾಟವೂ ಎಂಟೂವರೆ ದಿನ. ಬೀಗ ಹೊಲಿದಿದ್ದು ಸರಿಯಾಗಿ ಕೂಸಿನ ಮಡಿಕೆಯಲ್ಲೇ.

ಆ ಮಧ್ಯಾಹ್ನ ಡೈರಿಯಲ್ಲಿ ಒಂದೇ ಸಾಲಿದೆ: ಹದಿನಾಲ್ಕು ಇಲ್ಲ.

ಗ್ರಹ ಇಲ್ಲವೆಂದಲ್ಲ. ಅದು ಅಲ್ಲೇ ಇದೆ. ಎಂಟೂವರೆ ದಿನಕ್ಕೊಮ್ಮೆ ನಕ್ಷತ್ರದ ಮುಂದೆ ಹಾದುಹೋಗುವುದು ಕಾಣುತ್ತದೆ. ಅದರ ತೂಕ ನನಗೆ ಗೊತ್ತಿಲ್ಲ, ಅಷ್ಟೇ. ಆ ಅಷ್ಟನ್ನು ಒಪ್ಪಿಕೊಳ್ಳಲು ಎರಡು ದಿನ ಬೇಕಾಯಿತು. ಜುಲೈ 24ರಂದು ಮೇಡಂಗೆ ಫೋನ್ ಮಾಡಿ ಎಲ್ಲ ಹೇಳಿದೆ.

ಅವರು, "ನಾನು ಹದಿನಾಲ್ಕು ಅಂತ ಎಷ್ಟು ಜನಕ್ಕೆ ಹೇಳಿದೀನಿ ಗೊತ್ತಾ?" ಎಂದರು.

"ನಾನು ನಮ್ಮ ಬಸ್ ಕಂಡಕ್ಟರಿಗೂ ಹೇಳಿದೀನಿ ಮೇಡಂ."

ಅವರು ನಕ್ಕಿದ್ದು ಕೇಳಿ ಉಸಿರು ಬಂತು. ಆಮೇಲೆ ಗಂಭೀರವಾಗಿ, "ನೋಡು, ಎರಡು ದಾರಿ ಇದೆ. ಇದನ್ನ ಈಗ ಎತ್ತಿಟ್ಟು ಮುಂದಿನ ವರ್ಷದ ನೋಟಕ್ಕೆ ಕಾಯಬಹುದು. ಆಗ ನಾಲ್ಕನೇ ಅಧ್ಯಾಯ ಡಿಸೆಂಬರಿಗೆ ಖಾಲಿ. ಇಲ್ಲ, ಗೊತ್ತಿರೋದು ಇಷ್ಟೇ ಅಂತ ಬರೆದು ಕಳಿಸಬಹುದು. ಪರೀಕ್ಷಕರು ಬಿಗಿಯಾಗಿ ಕೇಳ್ತಾರೆ, ನಾಲ್ಕು ವರ್ಷ ಏನು ಮಾಡಿದೆ ಅಂತ. ಮೊದಲ ಹೆಸರು ನಿಂದು. ಯೋಚನೆ ಮಾಡಿ ಹೇಳು" ಎಂದರು.

ಯೋಚನೆ ಮಾಡಲು ಅಂಗನವಾಡಿಗೆ ಹೋದೆ. ಮಕ್ಕಳು ಊಟ ಮಾಡಿ ಸಾಲಾಗಿ ಮಲಗಿದ್ದರು. ಅಮ್ಮ ಚಾಪೆಯ ಮೇಲೆ ಕೂತು ತಿಂಗಳ ವರದಿ ಬರೆಯುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಕಲೆ, ಫ್ಯಾನು, ಮೂವತ್ತೇಳು ಸಲ.

"ಅಲ್ಲೋ, ಮೂವತ್ತೈದಕ್ಕಿಂತ ಹೆಚ್ಚಿದ್ರೆ ಸಿಕ್ಕಿಬೀಳ್ತಿತ್ತು ಅಂದ್ಯಲ್ಲ?"

"ಹೌದು."

"ಸಿಕ್ಕಿಬಿದ್ದಿಲ್ಲ."

"ಇಲ್ಲ."

"ಹಂಗಾದ್ರೆ ಮೂವತ್ತೈದಕ್ಕಿಂತ ಕಡಿಮೆ ಅಂತ ಗೊತ್ತಾಯ್ತಲ್ಲ. ಗೊತ್ತಿಲ್ಲ ಗೊತ್ತಿಲ್ಲ ಅಂತ ಯಾಕೆ ಬಡ್ಕೋತೀಯ?" ಎಂದು ಪೆನ್ನು ಕೆಳಗಿಟ್ಟಳು. "ನನ್ನ ಪುಸ್ತಕದಲ್ಲಿ 'ಅ' ಅಂತ ಎಷ್ಟು ಕಡೆ ಇದೆ ನೋಡು. ಅದನ್ನ ಬರೆದಿದ್ದಕ್ಕೆ ಯಾರೂ ನನ್ನ ಕೆಲಸದಿಂದ ತೆಗೆದಿಲ್ಲ. ಅದ್ನ ಬರೀದೆ ಚೆಂದದ ಅಂಕಿ ಬರೆದಿದ್ರೆ ಯಾವುದೋ ಒಂದು ಕೂಸಿಗೆ ಅನ್ಯಾಯ ಆಗ್ತಿತ್ತು."

ಅವಳ ರಿಜಿಸ್ಟರಿನಲ್ಲಿ ಆ ವರ್ಷದ ಪುಟಗಳನ್ನು ತಿರುಗಿಸಿ ಎಣಿಸಿದೆ. ಅರವತ್ತಮೂರು 'ಅ'ಗಳಿದ್ದವು.

ಅಲ್ಲಿಂದಲೇ ಮೇಡಂಗೆ ಮೆಸೇಜ್ ಹಾಕಿದೆ: ಬರೆದು ಕಳಿಸೋಣ.

ಆಮೇಲಿನ ಐದು ವಾರ ನನ್ನ ನಾಲ್ಕು ವರ್ಷದಲ್ಲೇ ನೆಮ್ಮದಿಯ ದಿನಗಳು. ಲೇಖನದಲ್ಲಿ ಹದಿನಾಲ್ಕನ್ನು ಒರೆಸಲಿಲ್ಲ. ಅದು ಹೇಗೆ ಬಂತು, ಹೇಗೆ ಒಂಬತ್ತಾಗಿ ಇಪ್ಪತ್ತೊಂದಾಯಿತು ಎಂದು ತಾರೀಕು ಸಮೇತ ಬರೆದು, ಅದು ಯಾಕೆ ತಪ್ಪು ಎಂದು ತೋರಿಸಿ, ಕೊನೆಗೆ ಗ್ರಹದ ತೂಕ ಮೂವತ್ತೈದು ಭೂಮಿಗಿಂತ ಕಡಿಮೆ ಎಂದಷ್ಟೇ ಹೇಳಿದೆ. ಅದು ಬದುಕಿಕೊಳ್ಳುತ್ತದೆಯೋ ಇಲ್ಲವೋ ಎನ್ನುವ ಜಾಗವನ್ನು ಖಾಲಿ ಬಿಟ್ಟೆ. ಬೇರೆ ಎಳೆಯ ನಕ್ಷತ್ರಗಳನ್ನು ತೂಗುವವರು ಮೊದಲು ಮಾಡಬೇಕಾದ ಖಾಲಿ ಚೀಲದ ಪರೀಕ್ಷೆಗೆ ಉದ್ದನೆಯ ಭಾಗವನ್ನೇ ಮೀಸಲಿಟ್ಟೆ. ಪ್ರಬಂಧದ ನಾಲ್ಕನೇ ಅಧ್ಯಾಯ ಈಗ ಅದೇ.

ಮುಂದಿನ ವರ್ಷದ ನೋಟಕ್ಕೆ ಅರ್ಜಿಯನ್ನೂ ಬರೆದೆ. ದಿನಕ್ಕೊಂದು ಸಲವಲ್ಲ, ಬೇರೆ ಬೇರೆ ಗಂಟೆಗಳಲ್ಲಿ ಎರಡು ಮೂರು ಸಲ. ಇನ್ನೊಂದು ಅಂಶ ಭಾವ ಕೊಟ್ಟದ್ದು. ಒಂದು ಭಾನುವಾರ ನನ್ನ ಪಾಡು ಕೇಳಿ ಅವರು ತೆಲುಗು ಬೆರೆತ ತಮ್ಮ ಪಾವಗಡದ ಧಾಟಿಯಲ್ಲಿ, ಭಾವಮೈದನೆಂದು ನನ್ನನ್ನು ಕರೆದು, "ಏಂ ಬಾಮ್ಮರ್ದಿ, ಇಷ್ಟೇನಾ? ನಮ್ಮ ಪ್ಯಾನಲ್ಲಿನ ಕರೆಂಟು ಇಳಿದ್ರೆ ನಾವು ಮೊದ್ಲು ಪ್ಯಾನಲ್ಲನ್ನ ಬೈಯಲ್ಲ. ಪಕ್ಕದಲ್ಲೇ ಬಿಸಿಲು ಅಳೆಯೋ ಮೀಟ್ರು ಇಟ್ಟಿರ್ತೀವಿ. ಅದೂ ಇಳಿದ್ರೆ ಮೋಡ. ಅದು ಇಳೀಲಿಲ್ಲಾಂದ್ರೆ ನಮ್ಮದೇ ತಪ್ಪು" ಎಂದರು. ಕಲೆ ಬಂದಾಗ ನಕ್ಷತ್ರದ ಬೆಳಕು ಮಂಕಾಗುತ್ತದೆ. ಗ್ರಹ ಎಳೆದಾಗ ಆಗುವುದಿಲ್ಲ. ಪಕ್ಕದಲ್ಲಿ ಚಿಕ್ಕ ದುರ್ಬೀನೊಂದು ಅದೇ ದಿನಗಳಲ್ಲಿ ಬೆಳಕನ್ನು ಅಳೆಯುತ್ತಿದ್ದರೆ ಎರಡನ್ನೂ ಬೇರ್ಪಡಿಸುವುದು ಸುಲಭ. ನಮ್ಮವರಿಗೆ ಇದು ಹೊಸ ವಿಚಾರವೇನಲ್ಲ, ಆದರೆ ನನ್ನ ಅರ್ಜಿಯಲ್ಲಿ ಅದು ಸೇರಿದ್ದು ಆ ಭಾನುವಾರ.

ಇತ್ತ ಅಮ್ಮ ಮತ್ತು ಅಜ್ಜಿಯ ನಡುವೆಯೂ ಒಂದು ಒಪ್ಪಂದವಾಯಿತು. ಕೂಸನ್ನು ತೆಳು ಅಂಗಿಯಲ್ಲೇ ತೂಗುವುದು. ಬೀಗವನ್ನು ತೊಲೆಯ ಮೊಳೆಗೆ, ತೂಗುಯಂತ್ರದ ಪಕ್ಕದಲ್ಲಿ ನೇತುಹಾಕುವುದು. ತೂಕವನ್ನು ಅಮ್ಮ ಬಾಯಿಬಿಟ್ಟು ಹೇಳುವ ಹಾಗಿಲ್ಲ. ಓದಿ, ಬರೆದು, ತಾಯಿಗೆ ಮಾತ್ರ ತೋರಿಸಬೇಕು. ಈಗ ಊರಿನ ಬೇರೆ ತಾಯಂದಿರೂ ಹಾಗೇ ಮಾಡಿ ಎನ್ನುತ್ತಿದ್ದಾರಂತೆ. ಜುಲೈ 9ರ ನಂತರದ ತೂಕಗಳನ್ನು ನಾನು ಇಲ್ಲಿ ಬರೆದಿಲ್ಲ. ಅಜ್ಜಿಗೆ ಮಾತು ಕೊಟ್ಟಿದ್ದೇನೆ.

ಆಗಸ್ಟ್ 29, ಗುರುವಾರ. ಕೊನೆಯ ಕರಡು ಓದುತ್ತಿದ್ದ ಮೇಡಂ ಫೋನ್ ಮಾಡಿದರು. ನಾನು ಜಗಲಿಯಲ್ಲಿ ಕೂತಿದ್ದೆ, ಕೂಸು ತೊಡೆಯ ಮೇಲಿತ್ತು. ಅಜ್ಜಿ ಎದುರಿಗೆ ಶೇಂಗಾ ಸುಲಿಯುತ್ತಿದ್ದಳು.

"ಎಲ್ಲ ಸರಿ ಇದೆ. ಒಂದೇ ಅರ್ಥವಾಗಲಿಲ್ಲ. ಈ ಪ್ರೋಗ್ರಾಮಿನ ಹೆಸರು ಬೀಗ ಅಂತ ಇದೆಯಲ್ಲ, ಯಾಕೆ?"

ಹೇಳಿದೆ. ಅಜ್ಜಿ, ಜೇಬು, ಬೆಂಗಳೂರಿನ ಕಪಾಟು, ಮುನ್ನೂರ ನಲವತ್ತೆಂಟು ಗ್ರಾಂ. ಮೇಡಂ ಅಷ್ಟು ನಕ್ಕಿದ್ದನ್ನು ನಾನು ನಾಲ್ಕು ವರ್ಷದಲ್ಲಿ ಕೇಳಿರಲಿಲ್ಲ. ನಗು ನಿಂತ ಮೇಲೆ ಮೆತ್ತಗೆ ಕೇಳಿದರು: "ಪಾಪು ಈಗ ಎಷ್ಟು ತೂಕ ಇದೆ?"

ಅಜ್ಜಿಯ ಕೈ ಶೇಂಗಾದ ಮೇಲೆ ನಿಂತಿತು. ಅವಳು ನನ್ನನ್ನೇ ನೋಡಿದಳು. ಕೂಸು ನನ್ನ ಕಿರುಬೆರಳನ್ನು ಹಿಡಿದು ಎರಡೂ ಕಾಲಿನಿಂದ ಒದೆಯುತ್ತಿತ್ತು.

"ಹತ್ತು ಕೆ.ಜಿ.ಗಿಂತ ಕಡಿಮೆ ಮೇಡಂ" ಎಂದೆ. "ಸದ್ಯಕ್ಕೆ ಅಷ್ಟು ಮಾತ್ರ ಹೇಳಬಹುದು."

"ಹಂಗ್ ಹೇಳು" ಎಂದು ಅಜ್ಜಿ ಮತ್ತೆ ಶೇಂಗಾ ಸುಲಿಯತೊಡಗಿದಳು.